ಲಿನಕ್ಸ್‌ಗೆ ಹೊಸಬರೇ, ಮೊದಲು ಚಿಪ್‌ನ ನಂಬರ್ ಓದಿ

ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿ ಹಿಡಿದರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಸಿಗುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾದ ಜಾಗ ಇದು. ಗುಬ್ಬಿ, ಕುಣಿಗಲ್ ಕಡೆಯಿಂದಲೂ ಐಟಿಐ, ಡಿಪ್ಲೊಮಾ ಮುಗಿಸಿದ ಮಕ್ಕಳು ಇಲ್ಲಿ ಕೆಲಸ ಹುಡುಕುತ್ತಾರೆ. ಅವರಲ್ಲಿ ಎಷ್ಟೋ ಜನರ ಬಳಿ ಓದುವಾಗ ಕೊಂಡ ಹಳೆಯ ಲ್ಯಾಪ್‌ಟಾಪ್ ಇನ್ನೂ ಗಟ್ಟಿಮುಟ್ಟಾಗಿದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು ಎನ್ನುತ್ತದೆ. ಅಂಥ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಕಿಲ್ಲ, ಲಿನಕ್ಸ್ ಹಾಕಿ. ಹೊಸಬರು ಎಡವುವುದು ಹೆಚ್ಚಾಗಿ ಡ್ರೈವರ್, ಅಂದರೆ ಒಂದೊಂದು ಬಿಡಿಭಾಗವನ್ನು ನಡೆಸುವ ತಂತ್ರಾಂಶದ ವಿಷಯದಲ್ಲಿ. ಅದನ್ನೇ ಇಲ್ಲಿ ನಿಧಾನವಾಗಿ ನೋಡೋಣ.

1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಬರೆಯಲು ಶುರುಮಾಡಿದ್ದು ಲಿನಕ್ಸ್ ಕರ್ನಲ್, ಅಂದರೆ ಯಂತ್ರಾಂಶವನ್ನು ನಡೆಸುವ ತಿರುಳು. ಅದರ ಜೊತೆಗೆ ಡೆಸ್ಕ್‌ಟಾಪ್, ಬ್ರೌಸರ್, ಆಫೀಸ್ ಎಲ್ಲ ಸೇರಿಸಿ ಕೊಟ್ಟರೆ ಅದು ಡಿಸ್ಟ್ರೊ. ಡೆಬಿಯನ್, ಉಬುಂಟು, ಫೆಡೋರಾ, ಲಿನಕ್ಸ್ ಮಿಂಟ್ ಹೀಗೆ ಹತ್ತಾರಿವೆ. ವಿಂಡೋಸ್ ಅಭ್ಯಾಸದವರಿಗೆ ಮಿಂಟ್ ಬೇಗ ಒಗ್ಗುತ್ತದೆ, ಅಲ್ಲಿಂದ ಶುರುಮಾಡಿ.

ಲಿನಕ್ಸ್‌ನಲ್ಲಿ ಡ್ರೈವರ್‌ಗಳ ಬಹುಪಾಲು ಕರ್ನಲ್ ಜೊತೆಯಲ್ಲೇ ಬರುತ್ತದೆ. ಕೀಬೋರ್ಡ್, ಸೌಂಡ್, ಇಂಟೆಲ್ ಗ್ರಾಫಿಕ್ಸ್ ಸಾಮಾನ್ಯವಾಗಿ ತಾವಾಗಿಯೇ ನಡೆಯುತ್ತವೆ. ತಕರಾರು ಬರುವುದು ಕೆಲವು ವೈಫೈ ಚಿಪ್, ಎನ್‌ವಿಡಿಯಾ ಕಾರ್ಡ್ ಮತ್ತು ಕೆಲವು ಪ್ರಿಂಟರ್‌ಗಳಲ್ಲಿ. ಅವುಗಳಿಗೆ ಕಂಪನಿಯವರ ಮುಚ್ಚಿದ ಡ್ರೈವರ್ ಬೇಕು, ಇಲ್ಲವೇ ಚಿಪ್‌ನೊಳಗೆ ಓಡುವ ಫರ್ಮ್‌ವೇರ್ ಬೇಕು. ಡೆಬಿಯನ್ ಕೂಡ 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಇಂಥ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಕೊಡುತ್ತಿದೆ.

ಮೊದಲ ಹೆಜ್ಜೆ, ಇನ್‌ಸ್ಟಾಲ್ ಮಾಡದೆ ನೋಡುವುದು. 8 ಜಿಬಿ ಪೆನ್‌ಡ್ರೈವ್ ಖಾಲಿ ಮಾಡಿಕೊಳ್ಳಿ. ಮಿಂಟ್‌ನ ಐಎಸ್‌ಒ ಇಳಿಸಿ, ರೂಫಸ್ ಅಥವಾ ವೆಂಟಾಯ್‌ನಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಬೂಟ್ ಮೆನು ಕೀ ಒತ್ತಿ ಪೆನ್‌ಡ್ರೈವ್ ಆರಿಸಿ. ಕಂಪನಿ ನೋಡಿಕೊಂಡು ಅದು ಎಫ್9, ಎಫ್12, ಎಸ್ಕೇಪ್ ಯಾವುದಾದರೂ ಇರಬಹುದು. ಇಡೀ ಡೆಸ್ಕ್‌ಟಾಪ್ ಪೆನ್‌ಡ್ರೈವ್‌ನಿಂದಲೇ ತೆರೆದುಕೊಳ್ಳುತ್ತದೆ. ಇನ್‌ಸ್ಟಾಲ್ ಒತ್ತುವವರೆಗೆ ನಿಮ್ಮ ಹಾರ್ಡ್‌ಡಿಸ್ಕ್‌ಗೆ ಏನೂ ಆಗುವುದಿಲ್ಲ. ಈಗ ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್ ಒಂದೊಂದಾಗಿ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಸರಿಯಾಗಿ ಎಚ್ಚರಗೊಳ್ಳುತ್ತದೆಯೇ ಎಂಬುದನ್ನೂ ನೋಡಿ.

ವೈಫೈ ಬರಲಿಲ್ಲ ಎಂದಿಟ್ಟುಕೊಳ್ಳೋಣ. ಕೂಡಲೇ ಸಿಕ್ಕಸಿಕ್ಕ ಡ್ರೈವರ್ ಇಳಿಸಲು ಹೋಗಬೇಡಿ. ಮೋಟಾರ್ ಕೆಟ್ಟರೆ ಫಿಟ್ಟರ್ ಮೊದಲು ನೇಮ್‌ಪ್ಲೇಟ್ ಓದಿ, ಆಮೇಲೆ ಬಿಡಿಭಾಗ ತರಿಸುತ್ತಾನಲ್ಲ, ಇಲ್ಲಿಯೂ ಹಾಗೆಯೇ. ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಎಂದು ಸಣ್ಣಕ್ಷರದಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಹೈಫನ್‌ಗೆ ಅಂಟಿಸಿ ಎನ್‌ಎನ್‌ಕೆ ಸೇರಿಸಿ ಎಂಟರ್ ಒತ್ತಿ. ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲು ಹುಡುಕಿ. ಉದಾಹರಣೆಗೆ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕಾಣಸಿಗುವ ಬ್ರಾಡ್‌ಕಾಮ್ ಬಿಸಿಎಂ43142 ಚಿಪ್ ಆದರೆ ಸಾಲಿನ ಕೊನೆಗೆ ಚೌಕ ಆವರಣದಲ್ಲಿ 14ಇ4:4365 ಎಂದಿರುತ್ತದೆ. ಮೊದಲರ್ಧ ಕಂಪನಿಯ ಗುರುತು, ಉಳಿದರ್ಧ ಚಿಪ್‌ನ ಗುರುತು. ಕಂಪನಿಯ ಗುರುತು 8086 ಆದರೆ ಇಂಟೆಲ್, 10ಇಸಿ ಆದರೆ ರಿಯಲ್‌ಟೆಕ್, 10ಡಿಇ ಆದರೆ ಎನ್‌ವಿಡಿಯಾ. ಅದರ ಕೆಳಗೆ ಕರ್ನಲ್ ಡ್ರೈವರ್ ಇನ್ ಯೂಸ್ ಎಂಬ ಸಾಲು ಇಲ್ಲದಿದ್ದರೆ ಚಿಪ್‌ಗೆ ಡ್ರೈವರ್ ಸಿಕ್ಕಿಲ್ಲ ಎಂದರ್ಥ. ಈ ನಂಬರನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಒಂದೇ ಮಾಡೆಲ್ ಲ್ಯಾಪ್‌ಟಾಪ್‌ನಲ್ಲೂ ಬೇರೆ ಬೇರೆ ಚಿಪ್ ಇರಬಹುದು, ಹಾಗಾಗಿ ಲ್ಯಾಪ್‌ಟಾಪ್ ಹೆಸರಿಗಿಂತ ಈ ನಂಬರೇ ನಿಮ್ಮನ್ನು ಸರಿಯಾದ ಉತ್ತರಕ್ಕೆ ಮುಟ್ಟಿಸುತ್ತದೆ.

ಡ್ರೈವರ್ ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು. ಈ ಗಂಟು ಬಿಡಿಸುವುದು ನಿಮ್ಮ ಮೊಬೈಲ್. ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲ್ಯಾಪ್‌ಟಾಪ್‌ಗೆ ನೆಟ್ ಬರುತ್ತದೆ. ಆಗ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಅದು ನಿಮ್ಮ ಚಿಪ್ ಗುರುತಿಸಿ ತಕ್ಕ ಡ್ರೈವರ್ ತೋರಿಸುತ್ತದೆ. ಎನ್‌ವಿಡಿಯಾ ಕಾರ್ಡಿಗೂ ಇದೇ ದಾರಿ, ಆದರೆ ಮಿಂಟ್ ಇನ್‌ಸ್ಟಾಲ್ ಮಾಡಿದ ಮೇಲೆ. ಅಲ್ಲಿ ಶಿಫಾರಸು ಎಂದು ಗುರುತಿಸಿದ ಆವೃತ್ತಿಯನ್ನೇ ಆರಿಸಿ.

ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್‌ಸ್ಟಾಲ್ ಆದ ಮೇಲೆ ಇನ್ನೊಂದು ಹಂತವಿದೆ, ಬಹಳ ಜನ ಎಡವುವುದು ಇಲ್ಲಿಯೇ. ಇಂಥ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಬಹುದು. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಗಾಬರಿಯಾಗಬೇಡಿ, ಎನ್‌ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಕೊಡದೆ ಮುಂದೆ ಹೋದರೆ ಡ್ರೈವರ್ ಹಾಕಿದ್ದರೂ ಕೆಲಸ ಮಾಡುವುದಿಲ್ಲ.

ಎಚ್‌ಪಿ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಎಚ್‌ಪಿಎಲ್‌ಐಪಿ ತಂತ್ರಾಂಶದಿಂದ ನಡೆಯುತ್ತವೆ. ಜೆರಾಕ್ಸ್ ಅಂಗಡಿಗಳಲ್ಲಿ ಬಳಸುವ ಕ್ಯಾನನ್ ಎಲ್‌ಬಿಪಿ2900 ಮಾತ್ರ ತಾಳ್ಮೆ ಕೇಳುತ್ತದೆ. ಅದಕ್ಕೆ ಕ್ಯಾಪ್ಟ್ ಡ್ರೈವರ್ ಪ್ರತ್ಯೇಕವಾಗಿ ಹಾಕಬೇಕು. ಪ್ರಿಂಟಿಂಗ್ ನಿಮ್ಮ ಹೊಟ್ಟೆಪಾಡಾಗಿದ್ದರೆ ಅದು ನಡೆಯುವವರೆಗೆ ವಿಂಡೋಸ್ ಅಳಿಸಬೇಡಿ.

ಕನ್ನಡದ ಚಿಂತೆ ಬೇಡ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಸಿದ್ಧವಿದೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳೂ ಸಿಗುತ್ತವೆ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲಾ ಐಟಿ ಪಾಠವನ್ನು ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ಶಾಲಾ ಮಕ್ಕಳ ಕೈಗೆ ದಕ್ಕಿದ್ದು ನಿಮಗೂ ದಕ್ಕುತ್ತದೆ.

ಎಲ್ಲವೂ ಸರಿ ಕಂಡರೆ ಫೋಟೊ, ಅಂಕಪಟ್ಟಿ, ರೆಸ್ಯೂಮೆಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿ, ಅವು ತೆರೆಯುತ್ತವೆಯೇ ನೋಡಿ, ಆಮೇಲೆ ಇನ್‌ಸ್ಟಾಲ್ ಒತ್ತಿ. ಚಿಪ್‌ನ ನಂಬರ್ ಮತ್ತು ಅದಕ್ಕೆ ಒಗ್ಗಿದ ಡ್ರೈವರ್ ಹೆಸರು ಒಂದೇ ಹಾಳೆಯಲ್ಲಿರಲಿ. ಮುಂದೆ ಬೇರೆ ಡಿಸ್ಟ್ರೊ ಹಾಕಿದರೂ ಅದು ಬೇಕಾಗುತ್ತದೆ, ಪಕ್ಕದ ಗೆಳೆಯನ ಲ್ಯಾಪ್‌ಟಾಪ್ ಸರಿಮಾಡುವಾಗಲೂ ಬೇಕಾಗುತ್ತದೆ.