ರೇಷ್ಮೆ ಮನೆಗೊಂದು ಆ್ಯಪ್: ಶುರು ಎಲ್ಲಿಂದ?

ಪ್ರಶ್ನೆ: ನಮ್ಮೂರು ಸಾದಲಿ. ಅಮ್ಮ ರೇಷ್ಮೆ ಹುಳು ಸಾಕುತ್ತಾರೆ. ಬೆಳೆಯ ಲೆಕ್ಕಕ್ಕೆ ಕನ್ನಡದಲ್ಲೊಂದು ಆ್ಯಪ್ ಮಾಡುವಾಸೆ. ಕೋಡಿಂಗ್ ಈಗಷ್ಟೇ ಕಲಿಯುತ್ತಿದ್ದೇನೆ.

ಉತ್ತರ: ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಆದರೆ ಕೋಡಿಂಗ್‌ನಿಂದ ಶುರು ಮಾಡಬೇಡಿ. ಮೊದಲು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಒಂದು ಪೂರ್ತಿ ಬೆಳೆಯ ಲೆಕ್ಕ ಬರೆಯಿರಿ: ಎಷ್ಟು ಮೊಟ್ಟೆ, ಚಾಕಿ (ಎಳೆಯ ಹುಳು) ತಂದ ದಿನ, ಆಮೇಲಿನ ಜ್ವರಗಳ (ಹುಳು ಪೊರೆ ಕಳಚುವ ಹಂತಗಳ) ತಾರೀಖು, ಹುಳುಮನೆಯ ಉಷ್ಣತೆ, ತೇವಾಂಶ, ಸೊಪ್ಪಿನ ಖರ್ಚು, ಕೂಲಿ, ಗೂಡಿನ ತೂಕ, ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಸಿಕ್ಕ ದರ. ಯಾವ ಕಾಲಂ ಬೇಕು, ಯಾವುದು ಬೇಡ ಎಂಬುದನ್ನು ಅಮ್ಮನೇ ಹೇಳಲಿ.

ಎರಡನೇ ಬೆಳೆಗೆ ಓಡಿಕೆ ಕಲೆಕ್ಟ್ ಬಳಸಿ. ಇದು ಫೋನ್‌ನಲ್ಲಿ ಫಾರ್ಮ್ ತುಂಬುವ ಮುಕ್ತ ತಂತ್ರಾಂಶ. ಪ್ರಶ್ನೆಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಕನ್ನಡದಲ್ಲೇ ಬರೆದರೆ ಫಾರ್ಮ್ ಸಿದ್ಧ. ಹುಳುಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಉತ್ತರಗಳು ಫೋನ್‌ನಲ್ಲೇ ಉಳಿಯುತ್ತವೆ.

ಇಷ್ಟಾದ ಮೇಲೂ ಸ್ವಂತ ಆ್ಯಪ್ ಬೇಕೆನಿಸಿದರೆ ಆ್ಯಪ್ ಕಟ್ಟುವ ಸಾಧನವಾದ ಫ್ಲಟರ್ ಕಲಿಯಿರಿ, ಮಾಹಿತಿಯನ್ನು ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಇಡಿ. ಪರದೆಯ ಮೇಲಿನ ಕನ್ನಡ ಪದಗಳಿಗೆ ಪ್ರತ್ಯೇಕ ಕಡತವಿರಲಿ. ತೆಲುಗು ಸೇರಿಸುವುದೂ ಆಗ ಸುಲಭ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡಲು ಮೊದಲ ದಿನದಿಂದಲೇ ಗಿಟ್ ಬಳಸಿ. ಸೊಪ್ಪು ಹಾಕುವ ಕೈಗೆ ಬಿಡುವು ಕಡಿಮೆ, ಹಾಗಾಗಿ ಗುಂಡಿಗಳು ದೊಡ್ಡದಾಗಿರಲಿ, ಟೈಪಿಂಗ್ ಆದಷ್ಟು ಕಡಿಮೆಯಿರಲಿ.

ಕೊನೆಗೆ ಜಿಪಿಎಲ್ ಪರವಾನಗಿಯಡಿ ಕೋಡ್ ಹಂಚಿಕೊಳ್ಳಿ. ಚಿಂತಾಮಣಿಯಲ್ಲೋ ರಾಮನಗರದಲ್ಲೋ ಇನ್ನೊಬ್ಬರು ಅದನ್ನು ತಿದ್ದಿ ಹಂಚಿದರೆ, ಆ ತಿದ್ದುಪಡಿ ನಿಮ್ಮ ಅಮ್ಮನಿಗೂ ಒದಗಬಹುದು.