ಗಡಿನೀರಿನ ಮರ್ಯಾದೆ

‘ಮರ್ಯಾದೆ’ ಎಂಬ ಶಬ್ದವನ್ನು ನಾವು ದಿನಬಳಕೆಯಲ್ಲಿ ಗೌರವವೆಂಬ ಅರ್ಥದಲ್ಲಿ ಆಡುತ್ತೇವೆ. ಅದರ ಮೂಲಾರ್ಥವಾದರೋ ಎಲ್ಲೆ, ಮೇರೆ, ದಡ ಎಂಬುದು. ಎಲ್ಲೆಯನ್ನು ಅರಿತು ನಡೆಯುವವನೇ ಗೌರವಕ್ಕೆ ಪಾತ್ರನೆಂಬ ತಿಳಿವು ಈ ಒಂದು ಪದದಲ್ಲಿ ಅಡಗಿದೆ. ಹೊಲದ ಬದುವಿನಲ್ಲಿ ಕಲ್ಲು ನೆಟ್ಟು ಎಲ್ಲೆಯನ್ನು ಗುರುತಿಸಬಹುದು. ಆದರೆ ಹರಿಯುವ ನೀರೇ ಎಲ್ಲೆಯಾದಾಗ ಮಾಡುವುದೇನು? ಈ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ದೇಶಗಳು ಕಂಡುಕೊಂಡ ಉತ್ತರವು ವಿದ್ಯಾರ್ಥಿಗಳ ಮನನಕ್ಕೆ ಯೋಗ್ಯವಾದುದು.

ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ಮಿಷಿಗನ್ ಒಂದನ್ನುಳಿದು ಸುಪೀರಿಯರ್, ಹ್ಯೂರನ್, ಈರಿ, ಒಂಟೇರಿಯೊ ಎಂಬ ನಾಲ್ಕೂ ಈ ಎರಡು ದೇಶಗಳಿಗೆ ಸೇರಿವೆ. ಪಶ್ಚಿಮದಲ್ಲಿ ಹಲವು ನದಿಗಳು ಗಡಿಯನ್ನು ದಾಟಿ ಹರಿಯುತ್ತವೆ. ಅವುಗಳಲ್ಲಿ ಸೇಂಟ್ ಮೇರಿ ಮತ್ತು ಮಿಲ್ಕ್ ನದಿಗಳು ದೊಡ್ಡ ಕಲಹಕ್ಕೆ ಕಾರಣವಾದವು. ಸೇಂಟ್ ಮೇರಿಯ ನೀರನ್ನು ಕಾಲುವೆಯ ಮೂಲಕ ಮಿಲ್ಕ್ ನದಿಗೆ ತಿರುಗಿಸಿ ಮೊಂಟಾನಾದ ಹೊಲಗಳಿಗೆ ಒಯ್ಯಲು ಸಂಯುಕ್ತ ಸಂಸ್ಥಾನವು ಯೋಜಿಸಿತು. ಆದರೆ ಮಿಲ್ಕ್ ನದಿಯು ಆ ಹೊಲಗಳನ್ನು ಸೇರುವ ಮುನ್ನ ಕೆನಡಾದ ಆಲ್ಬರ್ಟಾ ನೆಲದಲ್ಲಿ ಹರಿದುಬರುತ್ತದೆ. ಕೆನಡಾದವರು ಅಲ್ಲಿಯೇ ಇದಿರು ಕಾಲುವೆಯೊಂದನ್ನು ತೋಡಿ ಆ ನೀರನ್ನು ಮರಳಿ ಸೆಳೆದುಕೊಳ್ಳಲು ಮುಂದಾದರು. ಹಟಕ್ಕೆ ಹಟ ಬೆಳೆಯಿತು. ಹೀಗೆಯೇ ಸಾಗಿದ್ದರೆ ಇಬ್ಬರ ಪೈರಿಗೂ ನೀರಿನ ಭರವಸೆ ಉಳಿಯುತ್ತಿರಲಿಲ್ಲ.

ಇಂತಹ ವ್ಯಾಜ್ಯಗಳ ಫಲವಾಗಿಯೇ 1909ರ ಜನವರಿ 11ರಂದು ವಾಷಿಂಗ್ಟನ್ ನಗರದಲ್ಲಿ ಗಡಿಜಲ ಒಡಂಬಡಿಕೆಗೆ ಸಹಿ ಬಿದ್ದಿತು. ಆಗ ಕೆನಡಾದ ವಿದೇಶ ವ್ಯವಹಾರವು ಬ್ರಿಟನ್ನಿನ ಕೈಯಲ್ಲಿದ್ದುದರಿಂದ ಬ್ರಿಟಿಷ್ ರಾಯಭಾರಿ ಜೇಮ್ಸ್ ಬ್ರೈಸ್ ಒಂದು ಕಡೆಯಿಂದಲೂ, ಅಮೆರಿಕದ ವಿದೇಶ ಸಚಿವ ಎಲಿಹು ರೂಟ್ ಇನ್ನೊಂದು ಕಡೆಯಿಂದಲೂ ರುಜು ಮಾಡಿದರು. ಆ ಎರಡು ನದಿಗಳನ್ನು ಒಂದೇ ನದಿಯೆಂದು ಭಾವಿಸಿ ನೀರನ್ನು ಸಮವಾಗಿ ಹಂಚಿಕೊಳ್ಳತಕ್ಕದ್ದೆಂದು ಅದರ ಆರನೆಯ ವಿಧಿ ಸಾರಿತು. ಗಡಿನೀರಿನ ಬಳಕೆಯಲ್ಲಿ ಗೃಹಕೃತ್ಯ ಮತ್ತು ನೈರ್ಮಲ್ಯಕ್ಕೆ ಮೊದಲ ಸ್ಥಾನ, ನೌಕಾಸಂಚಾರಕ್ಕೆ ಎರಡನೆಯದು, ವಿದ್ಯುತ್ತು ಮತ್ತು ನೀರಾವರಿಗೆ ಮೂರನೆಯದು ಎಂದು ಎಂಟನೆಯ ವಿಧಿ ಕ್ರಮವನ್ನು ಕಟ್ಟಿತು.

ಒಡಂಬಡಿಕೆಯ ಜೀವಾಳವಿರುವುದು ಅದು ನಿರ್ಮಿಸಿದ ಅಂತರರಾಷ್ಟ್ರೀಯ ಜಂಟಿ ಆಯೋಗದಲ್ಲಿ. ಸದಸ್ಯರು ಆರು ಮಂದಿ, ದೇಶಕ್ಕೆ ಮೂವರಂತೆ. ಜನಸಂಖ್ಯೆಯಲ್ಲಿ, ಸಂಪತ್ತಿನಲ್ಲಿ ಒಂದು ದೇಶ ಎಷ್ಟೇ ಹಿರಿದಾದರೂ ಆ ಪೀಠದಲ್ಲಿ ಹೆಚ್ಚಿನ ಆಸನವಿಲ್ಲ. ನಿಷ್ಪಕ್ಷಪಾತವಾಗಿ ಕರ್ತವ್ಯ ನಿರ್ವಹಿಸುವೆನೆಂದು ಪ್ರತಿಯೊಬ್ಬ ಸದಸ್ಯನೂ ಪ್ರತಿಜ್ಞೆ ಮಾಡಬೇಕು. ತನ್ನ ದೇಶದ ವಕೀಲನಾಗಿ ವಾದಿಸುವುದು ಅವನ ಕೆಲಸವಲ್ಲ. ಇಡೀ ನೀರಿನ ಹಿತವನ್ನು ನೋಡುವುದು ಅವನ ಕೆಲಸ. ಆದ್ದರಿಂದಲೇ ಒಂದು ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಈ ಆಯೋಗವು ದೇಶಾನುಸಾರವಾಗಿ ಎರಡು ಹೋಳಾದ ಸಂದರ್ಭಗಳು ಬಹು ವಿರಳ.

ಹಾಗೆಂದು ಬರೆದಿಟ್ಟ ಮಾತ್ರಕ್ಕೆ ಎಲ್ಲವೂ ನೆರವೇರಿತೆಂದು ತಿಳಿಯಬಾರದು. ಒಂದು ದೇಶವು ನೀರನ್ನು ಕೆಡಿಸಿ ಇನ್ನೊಂದರ ಜನರ ಆರೋಗ್ಯಕ್ಕೂ ಆಸ್ತಿಗೂ ಹಾನಿ ಮಾಡಬಾರದೆಂದು ನಾಲ್ಕನೆಯ ವಿಧಿಯು ಅಂದೇ ನಿಷೇಧಿಸಿತ್ತು. ಗಡಿನೀರು ಹಲವೆಡೆ ಕೊಳಕಾಗಿದೆಯೆಂದು ಆಯೋಗವು 1918ರಲ್ಲಿಯೇ ವರದಿಯಿತ್ತು. ಸರಕಾರಗಳು ತಕ್ಕ ಕ್ರಮ ಕೈಗೊಳ್ಳದೆ ದಶಕಗಳು ಕಳೆದುಹೋದವು. ಚರಂಡಿಯ ಹೊಲಸಿನಿಂದಲೂ ಬಟ್ಟೆ ಒಗೆಯುವ ಪುಡಿಗಳಿಂದಲೂ ರಂಜಕವು ಸೇರಿ ಈರಿ ಸರೋವರದಲ್ಲಿ ಪಾಚಿ ಮುತ್ತಿತು. 1972ರ ಏಪ್ರಿಲ್ 15ರಂದು ಕೆನಡಾದ ಪ್ರಧಾನಿ ಪಿಯರ್ ಟ್ರೂಡೊ ಮತ್ತು ಅಮೆರಿಕದ ಅಧ್ಯಕ್ಷ ನಿಕ್ಸನ್ ಮಹಾಸರೋವರಗಳ ಜಲಗುಣ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ರಂಜಕವು ತಗ್ಗಿ ಸರೋವರ ಚೇತರಿಸಿಕೊಂಡಿತು. ಮುಂದೆ ಹೊಲಗಳ ಗೊಬ್ಬರವು ಮಳೆನೀರಿನೊಡನೆ ಹರಿದುಬಂದು ಪಾಚಿ ಮರುಕಳಿಸಿತು. 2014ರ ಆಗಸ್ಟಿನಲ್ಲಿ ಟೊಲೀಡೊ ನಗರದ ನಲ್ಲಿಯ ನೀರಿನಲ್ಲಿ ಪಾಚಿಯ ವಿಷ ಕಂಡುಬಂದು, ನಾಲ್ಕು ಲಕ್ಷಕ್ಕೂ ಹೆಚ್ಚು ಜನರು ಅದನ್ನು ಕುಡಿಯದಂತಾಯಿತು. ಈರಿಯ ಪಶ್ಚಿಮ ಮತ್ತು ಮಧ್ಯ ಭಾಗಗಳನ್ನು ಸೇರುವ ರಂಜಕವನ್ನು 2008ರ ಪ್ರಮಾಣಕ್ಕಿಂತ ಶೇಕಡಾ 40ರಷ್ಟು ತಗ್ಗಿಸುವ ಗುರಿಯನ್ನು ಎರಡೂ ದೇಶಗಳು 2016ರಲ್ಲಿ ಇಟ್ಟುಕೊಂಡವು.

ಇನ್ನೊಂದು ಕೊರತೆಯನ್ನೂ ಮರೆಮಾಚಲಾಗದು. ಆ ದಡಗಳಲ್ಲಿ ತಲೆತಲಾಂತರದಿಂದ ಬಾಳಿದ ಮೂಲನಿವಾಸಿಗಳನ್ನು 1909ರಲ್ಲಿ ಯಾರೂ ಕೇಳಲಿಲ್ಲ. ಅವರ ಸಮುದಾಯದ ಹೆನ್ರಿ ಲಿಕರ್ಸ್ ಮೊದಲ ಬಾರಿಗೆ ಆಯೋಗದ ಸದಸ್ಯರಾದುದು 2019ರಲ್ಲಿ.

ಇಷ್ಟರಿಂದ ನಾವು ಕಲಿಯಬೇಕಾದುದು ಏನು? ಒಪ್ಪಂದವೆಂಬುದು ಒಮ್ಮೆ ರುಜು ಮಾಡಿ ಪೆಟ್ಟಿಗೆಯಲ್ಲಿಡುವ ಕಾಗದವಲ್ಲ. ವರ್ಷವರ್ಷವೂ ನೀರನ್ನು ಕೂಡಿ ಅಳೆಯಬೇಕು, ತಪ್ಪನ್ನು ಕೂಡಿ ಒಪ್ಪಬೇಕು, ಬಿಟ್ಟುಹೋದವರನ್ನು ಕರೆದು ಕೂರಿಸಬೇಕು. ಕೃಷ್ಣೆ ಕಾವೇರಿಯರ ನೀರಿನ ವ್ಯಾಜ್ಯಗಳನ್ನು ಕೇಳುತ್ತಲೇ ಬೆಳೆಯುವ ನಮ್ಮ ಮಕ್ಕಳಿಗೆ ಇದು ದೂರದ ಮಾತಲ್ಲ. ಮೇಲಿನ ದಡದವನು ಕೆಳಗಿನವನ ಬಾಯಾರಿಕೆಯನ್ನು ನೆನೆದು, ಕೆಳಗಿನವನು ಮೇಲಿನವನ ಅಗತ್ಯವನ್ನು ಅರಿತು ನಡೆದಾಗಲೇ ಮೇರೆಯು ಮರ್ಯಾದೆಯೆನಿಸುವುದು.