ನಂದಾದೇವಿ ಶಿಖರ

ಗಣಿಯ ಸೀಮೆಯವರಾದ ನಮಗೆ ಆಳವೆಂಬುದು ಪರಿಚಿತ ವಿಷಯ. 2001ನೆಯ ಇಸವಿಯಲ್ಲಿ ಮುಚ್ಚಲ್ಪಡುವುದಕ್ಕೆ ಮುಂಚೆ ಚಾಂಪಿಯನ್ ರೀಫ್ ಗಣಿಯು ಭೂಮಿಯೊಳಕ್ಕೆ ಮೂರು ಕಿಲೋಮೀಟರಿಗಿಂತಲೂ ಹೆಚ್ಚು ಇಳಿದಿತ್ತು. ಇಳಿದಷ್ಟೂ ಬಂಡೆಯು ಕಾದಿರುವುದೆಂಬುದನ್ನು ನಮ್ಮ ಅನೇಕ ಮನೆಗಳ ಹಿರಿಯರು ಮೈಯಾರೆ ಬಲ್ಲರು. ಎತ್ತರದ ಕ್ರಮವು ಇದಕ್ಕೆ ವಿಪರೀತವಾದುದು. ಒಂದು ಕಿಲೋಮೀಟರು ಏರಿದರೆ ಗಾಳಿಯ ಶಾಖವು ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ನಮ್ಮ ನಂದಿಬೆಟ್ಟದಂಥವು ಐದನ್ನು ಒಂದರ ಮೇಲೊಂದು ನಿಲ್ಲಿಸಿದರೂ 7816 ಮೀಟರಿನ ನಂದಾದೇವಿಯ ತಲೆಯನ್ನು ಮುಟ್ಟಲಾರವು. ಎವರೆಸ್ಟನ್ನು ಮಕ್ಕಳಿಂದ ಕಂಠಪಾಠ ಮಾಡಿಸಿ ಇದನ್ನು ಬಿಟ್ಟುಬಿಡುವುದು ನಮಗೆ ಸರಿತೋರುವುದಿಲ್ಲ.

ಗಢವಾಲ ಸೀಮೆಯ ಈ ಶಿಖರವನ್ನು ಏರುವುದಿರಲಿ, ಅದರ ಬುಡವನ್ನು ಸೇರುವುದೇ ದುಸ್ತರವಾಗಿತ್ತು. ಹಿಮಪರ್ವತಗಳ ಗೋಡೆಯೊಂದು ಕೋಟೆಯಂತೆ ಅದನ್ನು ಸುತ್ತುವರಿದಿದೆ. ಋಷಿಗಂಗೆಯು ಕೊರೆದ ಕಂದರವೊಂದೇ ಅದಕ್ಕೆ ಬಾಗಿಲು. 1883ರಲ್ಲಿ ಗ್ರಹಾಮ್ ಎಂಬವರು ಆ ಬಾಗಿಲಿನಲ್ಲೇ ಸೋತು ಹಿಂದಿರುಗಿದರು. 1934ರಲ್ಲಿ ಶಿಪ್ಟನ್ ಮತ್ತು ಟಿಲ್ಮನ್ ಎಂಬವರು ಮೂವರು ಶೆರ್ಪಾಗಳೊಡನೆ ಮೊದಲ ಬಾರಿಗೆ ಒಳಹೊಕ್ಕರು. ಎರಡು ವರ್ಷಗಳ ತರುವಾಯ, ಆಗಸ್ಟ್ 29ರಂದು, ಟಿಲ್ಮನ್ನರೂ ಭೂಗರ್ಭಶಾಸ್ತ್ರಜ್ಞರಾದ ಓಡೆಲ್ಲರೂ ಶಿಖರದ ಮೇಲೆ ನಿಂತರು. ಓಡೆಲ್ಲರ ಜೊತೆಗೆ ಹೋಗಬೇಕಾಗಿದ್ದವರು ಹ್ಯೂಸ್ಟನ್. ಕೆಟ್ಟ ಡಬ್ಬಿಯ ಮಾಂಸವನ್ನು ತಿಂದು ಅವರು ಅಸ್ವಸ್ಥರಾದರು. 1950ರವರೆಗೆ ಮನುಷ್ಯರು ಏರಿದ ಅತ್ಯುನ್ನತ ಶಿಖರವು ಇದೇ ಆಗಿತ್ತು.

ಪರ್ವತದ ಚರಿತ್ರೆಯಲ್ಲಿ ನಮ್ಮನ್ನು ಹೆಚ್ಚಾಗಿ ತಡೆದು ನಿಲ್ಲಿಸುವುದು ಒಬ್ಬ ಮಗಳ ಸಂಗತಿ. ವಿಲ್ಲಿ ಅನ್ಸೋಲ್ಡ್ ಎಂಬ ಅಮೆರಿಕದ ಆರೋಹಿಯು ಈ ಗಿರಿಯ ಸೌಂದರ್ಯಕ್ಕೆ ಮನಸೋತು, ತನಗೆ ಹುಟ್ಟಿದ ಹೆಣ್ಣುಮಗುವಿಗೆ ನಂದಾದೇವಿ ಎಂದೇ ಹೆಸರಿಟ್ಟನು. 1976ರಲ್ಲಿ ತಂದೆಮಕ್ಕಳು ಕೂಡಿ ಈ ಪರ್ವತಕ್ಕೆ ಬಂದರು. ಶಿಖರಕ್ಕೆ ಸಮೀಪದ ಮೇಲಿನ ಶಿಬಿರದಲ್ಲಿ ಆಕೆಯು ಉದರವ್ಯಾಧಿಯಿಂದ ನರಳಿ ತಂದೆಯ ಕಣ್ಣೆದುರಿನಲ್ಲೇ ತೀರಿಕೊಂಡಳು. ಆಕೆಗಾಗ 22 ವರ್ಷ. ಕೆಳಗೆ ತರುವುದು ಸಾಧ್ಯವಾಗದೆ ಆಕೆಯನ್ನು ಆ ಹಿಮಕ್ಕೇ ಒಪ್ಪಿಸಬೇಕಾಯಿತು. ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಐದು ವರ್ಷಗಳ ತರುವಾಯ, 1981ರಲ್ಲಿ, ನಮ್ಮ ದೇಶದ ಮೂವರು ಸ್ತ್ರೀಯರು ಅದೇ ಶಿಖರವನ್ನು ಏರಿದರು: ಚಂದ್ರಪ್ರಭಾ ಐತವಾಲ್, ಹರ್ಷವಂತಿ ಬಿಷ್ಟ್, ರೇಖಾ ಶರ್ಮ. ಆ ಸೀಮೆಯ ಜನರು ನಂದೆಯನ್ನು ತವರಿನ ಮಗಳೆಂದೇ ಎಣಿಸುವರಂತೆ. ಈ ಮೂವರ ಆರೋಹಣವು ಅಲ್ಲಿನವರಿಗೆ ಎಷ್ಟು ಸಂತೋಷವನ್ನು ತಂದಿರಬಹುದೆಂಬುದನ್ನು ಊಹಿಸಬಹುದು.

1982ರಲ್ಲಿ ಒಳಗಣ ಕಣಿವೆಯು ರಾಷ್ಟ್ರೀಯ ಉದ್ಯಾನವಾಯಿತು. ಮರಕಡಿತದಿಂದಲೂ ಕಸದಿಂದಲೂ ಕೆಟ್ಟಿದ್ದ ನೆಲವು ಚೇತರಿಸಿಕೊಳ್ಳಲೆಂದು ಮರುವರ್ಷ ಆರೋಹಿಗಳಿಗೆ ಬಾಗಿಲನ್ನು ಮುಚ್ಚಿದರು. ಬದರಿಯ ಯಾತ್ರೆಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಜೋಶಿಮಠದಲ್ಲಿ ಒಂದು ದಿನ ತಂಗಿ ಔಲಿಗೆ ಏರಿದರೆ, ಮಂಜು ಕವಿಯದ ಬೆಳಗಿನಲ್ಲಿ ಆ ಶಿಖರವನ್ನು ದೂರದಿಂದ ಕಾಣಬಹುದು.